‘ಅನಿಮಲ್ ಫಾರ್ಮ್’ನಲ್ಲಿ ದುಡಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ 1945ರ ಆಗಸ್ಟ್ 17ರಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಪುಟ್ಟ ಪುಸ್ತಕ, ಹತ್ತೇ ಅಧ್ಯಾಯ. ಅದರಲ್ಲಿನ ಅಧಿಕಾರದಾಸೆ, ಸುಳ್ಳು ಪ್ರಚಾರ, ನಂಬಿಕೆದ್ರೋಹದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಪುಟ ತಿರುವುತ್ತಾ ಹೋದರೆ ಪ್ರಾಣಿಗಳು ಹೆಚ್ಚು ಹೊತ್ತು ಮಾಡುವುದು ಒಂದನ್ನೇ: ಕೆಲಸ. ಹುಲ್ಲು ಕೊಯ್ಯುವುದು, ಕಲ್ಲು ಎಳೆಯುವುದು, ಮೊಟ್ಟೆ ಇಡುವುದು. ಆ ಕೆಲಸದ ಸುತ್ತ ಓದುಗರು, ಅದರಲ್ಲೂ ವಿದ್ಯಾರ್ಥಿಗಳು, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಕಥೆಯ ಕೊನೆಯನ್ನೂ ಮುಚ್ಚಿಟ್ಟಿಲ್ಲ. ಪುಸ್ತಕ ಓದಿರದವರು ಮೊದಲು ಓದಿ ಬಂದರೆ ಒಳ್ಳೆಯದು.

ಕಥೆ ಮರೆತುಹೋಗಿದೆ. ಚಿಕ್ಕದಾಗಿ ಹೇಳ್ತೀರಾ?

ಇಂಗ್ಲೆಂಡಿನ ಒಂದು ತೋಟ, ಮೇನರ್ ಫಾರ್ಮ್. ಮಾಲೀಕ ಜೋನ್ಸ್ ಕುಡುಕ. ಪ್ರಾಣಿಗಳಿಗೆ ಸರಿಯಾಗಿ ಮೇವು ಹಾಕುವುದಿಲ್ಲ. ಒಂದು ದಿನ ಪ್ರಾಣಿಗಳು ತಿರುಗಿಬಿದ್ದು ಅವನನ್ನು ಓಡಿಸುತ್ತವೆ. ತೋಟ ಈಗ ಎಲ್ಲ ಪ್ರಾಣಿಗಳದ್ದು. ಓದು ಬರಹ ಕಲಿತ ಹಂದಿಗಳು ಮುಂದಾಳುಗಳಾಗುತ್ತವೆ. ಸ್ನೋಬಾಲ್ ಎಂಬ ಹಂದಿಯನ್ನು ಓಡಿಸಿ ನೆಪೋಲಿಯನ್ ಎಂಬ ಹಂದಿ ಎಲ್ಲವನ್ನೂ ಕೈಗೆ ತೆಗೆದುಕೊಳ್ಳುತ್ತದೆ. ಸ್ಕ್ವೀಲರ್ ಎಂಬ ಇನ್ನೊಂದು ಹಂದಿ ಅದರ ಬಾಯಿ. ವರ್ಷಗಳು ಕಳೆದ ಮೇಲೆ ಹಂದಿಗಳು ಮನುಷ್ಯರ ಜೊತೆ ಕೂತು ಇಸ್ಪೀಟು ಆಡುತ್ತವೆ, ಕುಡಿಯುತ್ತವೆ. ಹೊರಗಿನಿಂದ ನೋಡುವ ಪ್ರಾಣಿಗಳಿಗೆ ಯಾರು ಹಂದಿ, ಯಾರು ಮನುಷ್ಯ ಅಂತ ಗೊತ್ತಾಗುವುದಿಲ್ಲ. ರಷ್ಯಾದ 1917ರ ಕ್ರಾಂತಿ ಮತ್ತು ಸ್ಟಾಲಿನ್ ಆಳ್ವಿಕೆಯೇ ಇದರ ಹಿಂದಿರುವ ಕಥೆ.

ಪ್ರಾಣಿಗಳ ಕಥೆಯಲ್ಲಿ ದುಡಿಮೆಗೆ ಇಷ್ಟು ಜಾಗ ಯಾಕೆ?

ಪುಸ್ತಕ ಹುಟ್ಟಿದ್ದೇ ಅಲ್ಲಿಂದ. 1947ರಲ್ಲಿ ಬಂದ ಉಕ್ರೇನಿಯನ್ ಅನುವಾದಕ್ಕೆ ಆರ್ವೆಲ್ ಒಂದು ಮುನ್ನುಡಿ ಬರೆದಿದ್ದಾರೆ. ಹಳ್ಳಿಯ ಕಿರುದಾರಿಯಲ್ಲಿ ಸುಮಾರು ಹತ್ತು ವರ್ಷದ ಹುಡುಗನೊಬ್ಬ ದೊಡ್ಡ ಗಾಡಿಕುದುರೆಯನ್ನು ಹೊಡೆದುಕೊಂಡು ಹೋಗುತ್ತಿದ್ದ. ಅದು ಪಕ್ಕಕ್ಕೆ ತಿರುಗಲು ನೋಡಿದಾಗೆಲ್ಲ ಚಾವಟಿ ಬೀಸುತ್ತಿದ್ದ. ಈ ಪ್ರಾಣಿಗಳಿಗೆ ತಮ್ಮ ಬಲ ಏನೆಂದು ಗೊತ್ತಾದರೆ ನಮ್ಮ ಆಟ ನಡೆಯುವುದಿಲ್ಲ ಎಂದು ಆಗ ಅನ್ನಿಸಿತಂತೆ. ಮನುಷ್ಯರು ಪ್ರಾಣಿಗಳನ್ನು ದುಡಿಸಿಕೊಳ್ಳುವುದಕ್ಕೂ ಉಳ್ಳವರು ಕೂಲಿಕಾರರನ್ನು ದುಡಿಸಿಕೊಳ್ಳುವುದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ ಅಂತಲೂ ಹೊಳೆಯಿತು. ಕಾದಂಬರಿಗೆ ಇದೇ ಬೀಜ.

ಇನ್ನೂ ಒಂದು ಕಾರಣ ಇದೆ. ಆರ್ವೆಲ್ 1936ರಿಂದ ಹರ್ಟ್‌ಫರ್ಡ್‌ಶೈರ್‌ನ ವಾಲಿಂಗ್ಟನ್ ಎಂಬ ಪುಟ್ಟ ಹಳ್ಳಿಯಲ್ಲಿದ್ದರು. ಸಣ್ಣ ಅಂಗಡಿ ಇಟ್ಟುಕೊಂಡು, ಕೋಳಿ ಸಾಕಿ, ಮೇಕೆ ಸಾಕಿ ಬದುಕುತ್ತಿದ್ದರು. ಮೇಕೆಯ ಹೆಸರು ಮ್ಯೂರಿಯಲ್. ಕಾದಂಬರಿಯ ಮೇಕೆಗೂ ಅದೇ ಹೆಸರು. ಹಾಗಾಗಿ ಈ ತೋಟದಲ್ಲಿ ಯಾವ ಕೆಲಸ ಎಷ್ಟು ಮೈಮುರಿಯುತ್ತದೆ ಎಂಬುದು ಕಲ್ಪನೆಯ ಮಾತಲ್ಲ. ಕುದುರೆಯ ಗೊರಸು ಸೀಳಿದರೆ ವಾಸಿಯಾಗಲು ಎಷ್ಟು ಕಾಲ ಬೇಕು, ಚಳಿಗಾಲದಲ್ಲಿ ಮೇವು ಹೇಗೆ ಕರಗುತ್ತದೆ ಎಂಬಂಥ ವಿವರಗಳು ಕಥೆಯುದ್ದಕ್ಕೂ ಇವೆ.

ಓಲ್ಡ್ ಮೇಜರ್ ಭಾಷಣದಲ್ಲಿ ಹೇಳಿದ್ದು ಸರಿಯೇ?

ಮುಕ್ಕಾಲು ಪಾಲು ಸರಿ. ಕ್ರಾಂತಿಗೆ ಮೊದಲು ಪ್ರಾಣಿಗಳನ್ನು ಸೇರಿಸಿ ಮಾಡಿದ ಆ ಭಾಷಣದಲ್ಲಿ ಮುದಿ ಹಂದಿ ಮೇಜರ್ ಮಾಡುವುದು ಲೆಕ್ಕ. ಮನುಷ್ಯ ಹಾಲು ಕೊಡಲ್ಲ, ಮೊಟ್ಟೆ ಇಡಲ್ಲ, ನೇಗಿಲು ಎಳೆಯುವಷ್ಟು ಬಲ ಇಲ್ಲ, ಮೊಲ ಹಿಡಿಯುವಷ್ಟು ವೇಗ ಇಲ್ಲ. ಏನನ್ನೂ ಉತ್ಪಾದಿಸದೆ ತಿನ್ನುವ ಪ್ರಾಣಿ ಅಂದರೆ ಅವನೊಬ್ಬನೇ. ಹಾಗಿದ್ದೂ ಎಲ್ಲದಕ್ಕೂ ಅವನೇ ಒಡೆಯ. ನೀವು ಸಾಯದಿರುವಷ್ಟು ಮಾತ್ರ ನಿಮಗೆ ಕೊಟ್ಟು ಮಿಕ್ಕಿದ್ದನ್ನು ತಾನು ಇಟ್ಟುಕೊಳ್ಳುತ್ತಾನೆ. ಮೇಜರ್ ಹಸುಗಳನ್ನು ಕೇಳುತ್ತಾನೆ, ನಿಮ್ಮ ಹಾಲು ಎಲ್ಲಿ ಹೋಯಿತು? ಕೋಳಿಗಳನ್ನು ಕೇಳುತ್ತಾನೆ, ನಿಮ್ಮ ಮೊಟ್ಟೆ? ಕ್ಲೋವರ್ ಎಂಬ ಹೆಣ್ಣುಕುದುರೆಯನ್ನು ಕೇಳುತ್ತಾನೆ, ನಿನ್ನ ನಾಲ್ಕು ಮರಿಗಳು? ದುಡಿದವರಿಗೆ ಬದುಕುವಷ್ಟು ಕೊಟ್ಟು ಮಿಕ್ಕಿದ್ದನ್ನು ಒಡೆಯ ಇಟ್ಟುಕೊಳ್ಳುತ್ತಾನೆ ಎಂಬ ಕಾರ್ಲ್ ಮಾರ್ಕ್ಸ್ ಅವರ ಮಿಗುತಾಯದ ವಾದವನ್ನು ಕೊಟ್ಟಿಗೆಯ ಭಾಷೆಯಲ್ಲಿ ಇಷ್ಟು ಸಲೀಸಾಗಿ ಹೇಳಿದ್ದು ಅಪರೂಪ.

ತಪ್ಪಿರುವುದು ಕಾಲು ಪಾಲಿನಲ್ಲಿ. ಮೇಜರ್ ಶತ್ರುವನ್ನು ಗುರುತಿಸಿದ್ದು ಎರಡು ಕಾಲಿನಿಂದ. ದುಡಿಯದೆ ತಿನ್ನುವ ಆ ಜಾಗ, ಮೇವು ಅಳೆಯುವ ಆ ಜಾಗ ಇದೆಯಲ್ಲ, ಅದು ಖಾಲಿಯಾದ ಮೇಲೆ ಅಲ್ಲಿ ಯಾರು ಕೂರುತ್ತಾರೆ ಎಂದು ಅವನು ಕೇಳಲೇ ಇಲ್ಲ. ಕೇಳುವಷ್ಟು ದಿನ ಬದುಕಲೂ ಇಲ್ಲ. ಮೂರೇ ರಾತ್ರಿಗಳಲ್ಲಿ ತೀರಿಕೊಂಡ.

ಕ್ರಾಂತಿಯ ನಂತರದ ಮೊದಲ ಬೇಸಿಗೆ ನಿಜಕ್ಕೂ ಚೆನ್ನಾಗಿತ್ತಾ?

ಚೆನ್ನಾಗಿತ್ತು. ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಜೋನ್ಸ್‌ನ ಆಳುಗಳು ತೆಗೆದುಕೊಳ್ಳುತ್ತಿದ್ದುದಕ್ಕಿಂತ ಎರಡು ದಿನ ಮೊದಲೇ ಹುಲ್ಲು ಕೊಯ್ಲು ಮುಗಿಯುತ್ತದೆ. ತೋಟ ಕಂಡ ಅತಿ ದೊಡ್ಡ ಕೊಯ್ಲು ಅದು. ಬಾತುಕೋಳಿಗಳು, ಕೋಳಿಗಳು ಕೂಡ ಬಿಸಿಲಲ್ಲಿ ಓಡಾಡಿ ಕೊಕ್ಕಿನಲ್ಲಿ ಒಂದೊಂದು ಎಳೆ ಹುಲ್ಲು ಹೊತ್ತು ತರುತ್ತವೆ. ಒಂದು ಪ್ರಾಣಿಯೂ ಒಂದು ಬಾಯಿ ಮೇವು ಕದಿಯುವುದಿಲ್ಲ. ತಮಗಾಗಿ ದುಡಿದಾಗ ದುಡಿಮೆ ಹೇಗಿರುತ್ತದೆ ಎಂದು ಆರ್ವೆಲ್ ಇಲ್ಲಿ ಮನಸಾರೆ ತೋರಿಸುತ್ತಾರೆ. ವ್ಯಂಗ್ಯ ಎಲ್ಲೂ ಇಲ್ಲ. ಮುಂದಾಗುವ ಮೋಸ ನಮ್ಮನ್ನು ಕಲಕುವುದು ಈ ಅಧ್ಯಾಯ ಇರುವುದರಿಂದಲೇ.

ಆದರೆ ಅದೇ ಕೊಯ್ಲಿನ ನಡುವೆ ಒಂದು ಚಿತ್ರ ತೂರಿಕೊಂಡಿದೆ. ಬಾಕ್ಸರ್ ಎಂಬ ಗಾಡಿಕುದುರೆ ಮತ್ತು ಕ್ಲೋವರ್ ಕೊಯ್ಲಿನ ಯಂತ್ರಕ್ಕೆ ತಾವೇ ಹೆಗಲು ಕೊಟ್ಟು ಎಳೆಯುತ್ತವೆ. ಹಿಂದೆ ಒಂದು ಹಂದಿ ನಡೆದು ಬರುತ್ತಿದೆ, ‘ನಡಿ ಸಂಗಾತಿ’, ‘ನಿಲ್ಲು ಸಂಗಾತಿ’ ಎನ್ನುತ್ತಾ. ಚಾವಟಿ ಇಲ್ಲ, ಕಡಿವಾಣ ಇಲ್ಲ, ಕರೆಯುವುದು ಪ್ರೀತಿಯಿಂದಲೇ. ನಡೆಸುವವನು ಮಾತ್ರ ಹಿಂದೆ ಇದ್ದೇ ಇದ್ದಾನೆ.

ಹಂದಿಗಳು ಕೆಲಸ ಮಾಡುತ್ತವೆಯೋ ಇಲ್ಲವೋ?

ನನ್ನ ಮಟ್ಟಿಗೆ ಇಡೀ ಪುಸ್ತಕದ ಅತಿ ಮುಖ್ಯ ಪ್ರಶ್ನೆ ಇದು. ಉತ್ತರ ಸುಲಭ ಇಲ್ಲ.

ಶುರುವಿನಲ್ಲಿ ಹಂದಿಗಳಿಗೆ ನಿಜವಾದ ಕೆಲಸ ಇತ್ತು. ಓದು ಕಲಿತವರು ಅವರೇ. ಕೊಟ್ಟಿಗೆಯ ಗೋಡೆಯ ಮೇಲೆ ಏಳು ಕಟ್ಟಳೆ ಬರೆದವರು ಅವರೇ. ಸ್ನೋಬಾಲ್ ಅಕ್ಷರ ತರಗತಿ ನಡೆಸುತ್ತಾನೆ, ಜೋನ್ಸ್ ಮತ್ತೆ ದಾಳಿ ಮಾಡಿದಾಗ ಯುದ್ಧದ ಯೋಜನೆ ಹಾಕುತ್ತಾನೆ. ಇಷ್ಟು ದೊಡ್ಡ ತೋಟಕ್ಕೆ ಯಾರಾದರೂ ಲೆಕ್ಕ ಇಡಲೇಬೇಕು, ಯೋಜನೆ ಹಾಕಲೇಬೇಕು. ತಲೆಕೆಲಸ ಕೆಲಸವೇ ಅಲ್ಲ ಎಂದು ಆರ್ವೆಲ್ ಎಲ್ಲೂ ಹೇಳುವುದಿಲ್ಲ. ಬರೆದು ಹೊಟ್ಟೆ ಹೊರೆಯುತ್ತಿದ್ದವರು ಹಾಗೆ ಹೇಳಿದ್ದರೆ ತಮಾಷೆಯಾಗುತ್ತಿತ್ತು.

ತೊಂದರೆ ಆಮೇಲೆ. ಹತ್ತನೇ ಅಧ್ಯಾಯಕ್ಕೆ ಬಂದಾಗ ಹಂದಿಗಳ ಕೆಲಸ ಏನು? ಕಡತ, ವರದಿ, ನಡಾವಳಿ, ಟಿಪ್ಪಣಿ. ದೊಡ್ಡ ದೊಡ್ಡ ಹಾಳೆಗಳನ್ನು ಒತ್ತೊತ್ತಾಗಿ ಬರೆದು ತುಂಬಬೇಕು. ತುಂಬಿದ ಮೇಲೆ ಒಲೆಗೆ ಹಾಕಿ ಸುಡಬೇಕು. ತೋಟದ ಒಳಿತಿಗೆ ಇದು ತುಂಬಾ ಮುಖ್ಯ ಎಂದು ಸ್ಕ್ವೀಲರ್ ವಿವರಿಸುತ್ತಾನೆ. ಹಂದಿಗಳೂ ಅವುಗಳ ಕಾವಲು ನಾಯಿಗಳೂ ತಮ್ಮ ದುಡಿಮೆಯಿಂದ ಒಂದು ತುತ್ತೂ ಬೆಳೆಯುವುದಿಲ್ಲ, ಅವುಗಳ ಸಂಖ್ಯೆ ದೊಡ್ಡದು, ಹಸಿವು ಮಾತ್ರ ಯಾವಾಗಲೂ ಚೆನ್ನಾಗಿರುತ್ತದೆ ಎಂದು ನಿರೂಪಕ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಮೇಜರ್ ಮನುಷ್ಯನ ಬಗ್ಗೆ ಹೇಳಿದ್ದ ಮಾತೇ ಇದು, ಅಲ್ವಾ?

ಹಂದಿಗಳ ಕೈಯಲ್ಲಿ ಉಳಿದ ನಿಜವಾದ ಕಸುಬು ಒಂದೇ, ಬೇರೆಯವರ ದುಡಿಮೆಯನ್ನು ಎಣಿಸುವುದು. ಸ್ಕ್ವೀಲರ್ ಉದ್ದನೆಯ ಪಟ್ಟಿ ಹಿಡಿದು ಓದುತ್ತಾನೆ: ಉತ್ಪಾದನೆ ಶೇ. 200 ಏರಿದೆ, ಶೇ. 300 ಏರಿದೆ, ಶೇ. 500 ಏರಿದೆ. ಪಡಿ ಕಡಿಮೆ ಮಾಡಿದಾಗ ಅದನ್ನು ‘ಕಡಿತ’ ಎನ್ನುವುದಿಲ್ಲ, ‘ಹೊಂದಾಣಿಕೆ’ ಎನ್ನುತ್ತಾನೆ. ಜೋನ್ಸ್ ಕಾಲದಲ್ಲಿ ಎಷ್ಟು ಸಿಗುತ್ತಿತ್ತು ಎಂಬುದು ಪ್ರಾಣಿಗಳಿಗೆ ನೆನಪಿಲ್ಲ. ಬರೆದಿಟ್ಟುಕೊಂಡವರೂ ಇಲ್ಲ. ಅಂಕಿಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ, ಹೊಟ್ಟೆಗೆ ಜಾಸ್ತಿ ಬಿದ್ದರೆ ಸಾಕು ಎಂದು ಅವಕ್ಕೆ ಕೆಲವು ಸಲ ಅನ್ನಿಸುವುದುಂಟು. ಆದರೆ ಸ್ಕ್ವೀಲರ್ ಕೈಯಲ್ಲಿ ಹಾಳೆ ಇದೆ, ಅವುಗಳ ಬಳಿ ಇರುವುದು ಹಸಿವು ಮಾತ್ರ. ವಾದದಲ್ಲಿ ಹಾಳೆ ಗೆಲ್ಲುತ್ತದೆ.

ಹಾಲು ಮತ್ತು ಸೇಬಿನ ಪ್ರಸಂಗ ಅಷ್ಟು ದೊಡ್ಡ ವಿಷಯವಾ?

ಹೌದು, ಸ್ವತಃ ಆರ್ವೆಲ್ ಪ್ರಕಾರ. ಕ್ರಾಂತಿಯಾದ ಕೂಡಲೇ ಹಸುಗಳ ಹಾಲು ಕರೆಯುತ್ತಾರೆ. ಐದು ಬಕೆಟ್ ನೊರೆಹಾಲು. ಇದನ್ನೇನು ಮಾಡೋಣ ಎಂದು ಯಾರೋ ಕೇಳಿದಾಗ ನೆಪೋಲಿಯನ್ ಬಕೆಟ್‌ಗಳ ಮುಂದೆ ಬಂದು ನಿಂತು, ಹಾಲಿನ ಯೋಚನೆ ಬಿಡಿ, ಕೊಯ್ಲು ಮುಖ್ಯ, ನಡೀರಿ ಎನ್ನುತ್ತಾನೆ. ಸಂಜೆ ದುಡಿದು ಬಂದು ನೋಡಿದರೆ ಹಾಲು ಇಲ್ಲ. ಆಮೇಲೆ ಉದುರಿದ ಸೇಬುಗಳೂ ಹಂದಿಗಳಿಗೇ ಹೋಗುತ್ತವೆ. ನಾವು ತಲೆಕೆಲಸದವರು, ನಿಮ್ಮ ಒಳ್ಳೆಯದಕ್ಕೇ ಇಷ್ಟವಿಲ್ಲದಿದ್ದರೂ ತಿನ್ನುತ್ತಿದ್ದೇವೆ ಎಂದು ಸ್ಕ್ವೀಲರ್ ಹೇಳುತ್ತಾನೆ. ನಾವು ಸೋತರೆ ಜೋನ್ಸ್ ವಾಪಸ್ ಬರುತ್ತಾನೆ ಎಂದು ಹೆದರಿಸುತ್ತಾನೆ. ಅಲ್ಲಿಗೆ ಮಾತು ಮುಗಿಯಿತು.

ಕಥೆ ತಿರುಗುವುದು ಇಲ್ಲೇ ಎಂದು ಆರ್ವೆಲ್ 1946ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಮರ್ಶಕ ಡ್ವೈಟ್ ಮ್ಯಾಕ್‌ಡೊನಾಲ್ಡ್ ಅವರಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಆಗಲೇ ಉಳಿದ ಪ್ರಾಣಿಗಳು ‘ಆಗಲ್ಲ’ ಅಂದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂಬುದು ಅವರ ಮಾತಿನ ಸಾರ. ಪಕ್ಕದಲ್ಲೇ ಕ್ರಾನ್‌ಸ್ಟಾಟ್ ಎಂದೂ ಬರೆದಿದ್ದಾರೆ. 1921ರ ಫೆಬ್ರವರಿಯಲ್ಲಿ ಪೆಟ್ರೊಗ್ರಾಡ್‌ನ ಕಾರ್ಖಾನೆಗಳಲ್ಲಿ ಮುಷ್ಕರಗಳಾದವು. ಅದರ ಬೆನ್ನಿಗೇ ಕ್ರಾನ್‌ಸ್ಟಾಟ್ ಕೋಟೆಯ ನಾವಿಕರು ಬಂಡೆದ್ದರು. ಅವರ ಬೇಡಿಕೆಗಳಲ್ಲಿ ಒಂದು, ದುಡಿಯುವ ಎಲ್ಲರಿಗೂ ಸಮಾನ ಪಡಿ. ಆರೋಗ್ಯ ಕೆಡಿಸುವ ಕೆಲಸದಲ್ಲಿರುವವರಿಗೆ ಮಾತ್ರ ಬೇರೆ ಲೆಕ್ಕ ಇರಲಿ ಎಂದಿದ್ದರು. ಮಾರ್ಚ್‌ನಲ್ಲಿ ಸೈನ್ಯ ಅವರನ್ನು ಹತ್ತಿಕ್ಕಿತು. ಹಾಲಿನ ಬಕೆಟ್ ಈ ಪಡಿಯ ಪ್ರಶ್ನೆಯೇ.

ನನಗೆ ಕುತೂಹಲ ಹುಟ್ಟಿಸುವುದು ಇನ್ನೊಂದು. ಹಾಲು ಮಾಯವಾದದ್ದು ಎಲ್ಲರೂ ಕೊಯ್ಲಿಗೆ ಹೋಗಿದ್ದಾಗ. ‘ಮೊದಲು ಕೆಲಸ, ಆಮೇಲೆ ಪ್ರಶ್ನೆ’ ಎಂಬ ಮಾತಿನ ಮೊದಲ ಬೆಲೆ ಐದು ಬಕೆಟ್.

ಬಾಕ್ಸರ್ ದಡ್ಡನಾ, ದೊಡ್ಡವನಾ?

ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ‘ಒಳ್ಳೆಯವನು ಆದರೆ ಮುಗ್ಧ’ ಎಂದು ಬರೆದು ಮುಗಿಸುತ್ತಾರೆ. ಸ್ವಲ್ಪ ನಿಲ್ಲಿ.

ಬಾಕ್ಸರ್‌ಗೆ ನಾಲ್ಕಕ್ಷರದ ಮೇಲೆ ಓದು ಹತ್ತುವುದಿಲ್ಲ, ನಿಜ. ಆದರೆ ಅವನು ಪೂರ್ತಿ ಕುರುಡ ಅಲ್ಲ. ಸ್ನೋಬಾಲ್ ಮೊದಲಿನಿಂದಲೂ ದ್ರೋಹಿ ಎಂದು ಸ್ಕ್ವೀಲರ್ ಹೇಳಿದಾಗ, ನಾನು ನಂಬಲ್ಲ, ಯುದ್ಧದಲ್ಲಿ ಅವನು ಹೋರಾಡಿದ್ದನ್ನು ನಾನೇ ನೋಡಿದ್ದೇನೆ ಎನ್ನುವವನು ಬಾಕ್ಸರ್. ಪ್ರಾಣಿಗಳು ಕಷ್ಟಪಟ್ಟು ಕಟ್ಟಿದ ಗಾಳಿಯಂತ್ರ ಪುಡಿಯಾದ ದಿನ ಸ್ಕ್ವೀಲರ್ ‘ಗೆದ್ದೆವು’ ಎಂದು ಕುಣಿದರೆ, ‘ಏನು ಗೆದ್ದೆವು?’ ಎಂದು ಕೇಳುವವನೂ ಅವನೇ. ನೆಪೋಲಿಯನ್‌ನ ನಾಯಿಗಳು ಮೇಲೆ ಎಗರಿದಾಗ ಒಂದನ್ನು ಗೊರಸಿನ ಕೆಳಗೆ ಒತ್ತಿ ಹಿಡಿಯುತ್ತಾನೆ. ಇನ್ನೂ ಒತ್ತಿ ಕೊಂದಿದ್ದರೆ ಕಥೆ ಬದಲಾಗುತ್ತಿತ್ತು. ಅವನು ಏನು ಮಾಡಲಿ ಎಂಬಂತೆ ನೆಪೋಲಿಯನ್ ಮುಖ ನೋಡುತ್ತಾನೆ. ಮುನ್ನುಡಿಯಲ್ಲಿ ಬರುವ ಗಾಡಿಕುದುರೆ ನಿಮಗೆ ಇಲ್ಲಿ ನೆನಪಾಗಬೇಕು.

ಅವನ ಎರಡು ಮಂತ್ರಗಳು ಎಲ್ಲರಿಗೂ ಗೊತ್ತು: ‘ನಾನು ಇನ್ನೂ ಹೆಚ್ಚು ದುಡಿಯುತ್ತೇನೆ’, ‘ನೆಪೋಲಿಯನ್ ಹೇಳಿದ್ದೇ ಸರಿ’. ಮೊದಲನೆಯದು ಸದ್ಗುಣ, ಎರಡನೆಯದು ದೋಷ ಎಂದು ಬೇರೆ ಮಾಡಿ ನೋಡುವುದು ರೂಢಿ. ನನಗೆ ಮೊದಲನೆಯದೇ ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ. ಏಳನೇ ಅಧ್ಯಾಯದಲ್ಲಿ ನೆಪೋಲಿಯನ್ ತನ್ನವರನ್ನೇ ಕೊಲ್ಲಿಸುತ್ತಾನೆ. ನೆಲದ ಮೇಲೆ ಹೆಣಗಳ ರಾಶಿ. ನಮ್ಮಲ್ಲೇ ಏನೋ ತಪ್ಪಿರಬೇಕು, ಇದಕ್ಕಿರುವ ದಾರಿ ಇನ್ನೂ ಹೆಚ್ಚು ದುಡಿಯುವುದು, ನಾಳೆಯಿಂದ ಒಂದು ಗಂಟೆ ಬೇಗ ಏಳುತ್ತೇನೆ ಎಂದು ಹೇಳಿ ಬಾಕ್ಸರ್ ಕಲ್ಲುಗಣಿಗೆ ಹೋಗಿ ಎರಡು ಗಾಡಿ ಕಲ್ಲು ಎಳೆಯುತ್ತಾನೆ. ಬೇಗ ಏಳುವ ಹೊತ್ತನ್ನು ಆರ್ವೆಲ್ ಮೆಟ್ಟಿಲಿನಂತೆ ಜೋಡಿಸಿದ್ದಾರೆ. ಮೂರನೇ ಅಧ್ಯಾಯದಲ್ಲಿ ಅರ್ಧ ಗಂಟೆ, ಆರನೆಯದರಲ್ಲಿ ಮುಕ್ಕಾಲು, ಏಳನೆಯದರಲ್ಲಿ ಪೂರ್ತಿ ಗಂಟೆ. ತೋಟದಲ್ಲಿ ಅನ್ಯಾಯ ಬೆಳೆದಂತೆಲ್ಲ ಅವನ ನಿದ್ದೆ ಕಡಿಮೆಯಾಗುತ್ತದೆ. ಕೇಳಬೇಕಾದ ಪ್ರಶ್ನೆ ಎದ್ದಾಗೆಲ್ಲ ಅವನು ಅದನ್ನು ಮೈ ದಣಿಸಿ ಮಲಗಿಸುತ್ತಾನೆ. ದಡ್ಡತನಕ್ಕೆ ಹೀಗೆ ನಿಯಮ ಇರುವುದಿಲ್ಲ.

ಬಾಕ್ಸರ್ ಅಂದರೆ ಸ್ಟಖಾನೋವ್ ಎನ್ನುತ್ತಾರೆ. ಹೌದಾ?

ಪೂರ್ತಿ ಹೌದು ಅನ್ನಲಾಗದು. ಅಲೆಕ್ಸಿ ಸ್ಟಖಾನೋವ್ ಸೋವಿಯತ್ ಒಕ್ಕೂಟದ ದೊನ್‌ಬಾಸ್‌ನ ಕಲ್ಲಿದ್ದಲು ಗಣಿಯ ಕಾರ್ಮಿಕ. 1935ರ ಆಗಸ್ಟ್ 30–31ರ ರಾತ್ರಿ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದ. ನಿಗದಿಯಾಗಿದ್ದು 7 ಟನ್. ಹಿಂದಿನಿಂದ ಮರದ ಊರೆ ಕೊಡುವ ಕೆಲಸವನ್ನು ಬೇರೆಯವರು ಮಾಡಿದರು, ಇವನದು ಕಡಿಯುವ ಕೆಲಸ ಮಾತ್ರ. ಪತ್ರಿಕೆಗಳಲ್ಲಿ ಹೆಸರು ಬಂತು, ಅವನ ಹೆಸರಲ್ಲೇ ಚಳವಳಿ ಶುರುವಾಯಿತು. 1936ರಲ್ಲಿ ಎಷ್ಟೋ ಉದ್ಯಮಗಳಲ್ಲಿ ಕಾರ್ಮಿಕರ ದಿನದ ಗುರಿ ಏರಿಸಿದರು.

ಬಾಕ್ಸರ್‌ಗೆ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಸ್ಟಖಾನೋವ್‌ಗೆ ಬಹುಮಾನ, ಹುದ್ದೆ ಎಲ್ಲ ಸಿಕ್ಕಿತು. ಬಾಕ್ಸರ್‌ಗೆ ಸಿಕ್ಕಿದ್ದು ಹೆಚ್ಚುವರಿ ಕೆಲಸ. ಅವನು ದಾಖಲೆ ಮುರಿಯುವ ವೀರನಿಗಿಂತ ಹೆಚ್ಚಾಗಿ, ಹೆಸರಿಲ್ಲದೆ ದುಡಿದ ಕೋಟ್ಯಂತರ ಜನರ ಹಾಗೆ ಕಾಣುತ್ತಾನೆ.

ಗಾಳಿಯಂತ್ರ ಕಟ್ಟುವುದು ಏನನ್ನು ಸೂಚಿಸುತ್ತದೆ?

ಸೋವಿಯತ್ ಪಂಚವಾರ್ಷಿಕ ಯೋಜನೆಗಳನ್ನು, ವಿದ್ಯುತ್ತಿನ ಕನಸನ್ನು. ಮೊದಲ ಯೋಜನೆ 1928ರಲ್ಲಿ ಶುರುವಾಯಿತು. ದ್ನೀಪರ್ ನದಿಯ ದೊಡ್ಡ ಜಲವಿದ್ಯುತ್ ಕೇಂದ್ರ 1932ರಲ್ಲಿ ಉದ್ಘಾಟನೆಯಾಯಿತು. ಇದು ಗೈಡ್‌ಗಳಲ್ಲಿ ಸಿಗುವ ಉತ್ತರ. ದುಡಿಮೆಯ ಕಡೆಯಿಂದ ನೋಡಿದರೆ ಇನ್ನೂ ಒಳ್ಳೆಯ ಕಥೆ ಇದೆ.

ಗಾಳಿಯಂತ್ರದ ಮೊದಲ ಉದ್ದೇಶ ಕೆಲಸ ಕಡಿಮೆ ಮಾಡುವುದು. ಸ್ನೋಬಾಲ್ ಕೊಟ್ಟ ಭರವಸೆ ಏನು? ಕರೆಂಟು ಬಂದರೆ ಗರಗಸ ತಿರುಗುತ್ತದೆ, ಮೇವು ಕತ್ತರಿಸುವ ಯಂತ್ರ ಓಡುತ್ತದೆ, ಹಾಲು ಕರೆಯುವ ಯಂತ್ರ ಬರುತ್ತದೆ. ಕೊಟ್ಟಿಗೆಗೆ ದೀಪ, ಚಳಿಗಾಲಕ್ಕೆ ಬಿಸಿ. ವಾರಕ್ಕೆ ಮೂರೇ ದಿನ ಕೆಲಸ. ಉಳಿದ ಹೊತ್ತಲ್ಲಿ ಮೇಯುತ್ತಾ ಇರಿ, ಓದುತ್ತಾ ಇರಿ.

ಈಗ ನಡೆದದ್ದು ನೋಡಿ. ಆ ಕನಸಿಗಾಗಿ ವಾರಕ್ಕೆ ಅರವತ್ತು ಗಂಟೆ ಕೆಲಸ. ಕಲ್ಲು ಒಡೆಯಲು ಸಲಾಕೆ, ಗುದ್ದಲಿ ಹಿಡಿಯುವ ಕೈ ಪ್ರಾಣಿಗಳಿಗೆ ಇಲ್ಲ. ಹಾಗಾಗಿ ದೊಡ್ಡ ಬಂಡೆಗೆ ಹಗ್ಗ ಕಟ್ಟಿ, ಎಲ್ಲರೂ ಸೇರಿ ಏರಿನ ಮೇಲಕ್ಕೆ ಎಳೆದು, ಅಲ್ಲಿಂದ ಕೆಳಗೆ ಉರುಳಿಸಿ ಒಡೆಯಬೇಕು. ಒಮ್ಮೊಮ್ಮೆ ಒಂದು ಬಂಡೆ ಮೇಲೇರಲು ಇಡೀ ದಿನ ಬೇಕು. ನವೆಂಬರ್‌ನ ಬಿರುಗಾಳಿಗೆ ಗಾಳಿಯಂತ್ರ ಬೀಳುತ್ತದೆ. ಗೋಡೆ ತೆಳುವಾಗಿತ್ತು ಎಂದು ಅಕ್ಕಪಕ್ಕದ ಮನುಷ್ಯರು ಹೇಳುತ್ತಾರೆ, ಸ್ನೋಬಾಲ್ ಬಂದು ಬೀಳಿಸಿದ ಎಂದು ನೆಪೋಲಿಯನ್ ಹೇಳುತ್ತಾನೆ. ಆದರೂ ಮರುಸಲ ಗೋಡೆಯನ್ನು ಹದಿನೆಂಟು ಅಂಗುಲದ ಬದಲು ಮೂರು ಅಡಿ ದಪ್ಪ ಕಟ್ಟಿಸುತ್ತಾರೆ! ಅಂದರೆ ಕಲ್ಲು ದುಪ್ಪಟ್ಟು. ಎರಡನೆಯದನ್ನು ಪಕ್ಕದ ತೋಟದ ಫ್ರೆಡರಿಕ್‌ನ ಜನ ಸಿಡಿಮದ್ದಿಟ್ಟು ಉಡಾಯಿಸುತ್ತಾರೆ. ಮತ್ತೆ ಮೊದಲಿನಿಂದ.

ಕೊನೆಗೂ ಒಂದು ನಿಲ್ಲುತ್ತದೆ. ಆದರೆ ಅದರಿಂದ ಕರೆಂಟು ಬರುವುದಿಲ್ಲ. ಕಾಳು ಬೀಸಲು ಬಳಸುತ್ತಾರೆ, ಒಳ್ಳೆಯ ಲಾಭ ಬರುತ್ತದೆ. ದೀಪ, ಬಿಸಿನೀರು, ಮೂರು ದಿನದ ವಾರದ ಮಾತು ನಿಂತುಹೋಗಿದೆ. ನಿಜವಾದ ಸುಖ ಇರುವುದು ಕಷ್ಟಪಟ್ಟು ದುಡಿದು ಸರಳವಾಗಿ ಬದುಕುವುದರಲ್ಲಿ ಎಂದು ನೆಪೋಲಿಯನ್ ಉಪದೇಶ ಕೊಡುತ್ತಾನೆ. ಜೊತೆಗೆ ಇನ್ನೊಂದು ಗಾಳಿಯಂತ್ರದ ಕೆಲಸ ಶುರುವಾಗಿದೆ. ವಿದ್ಯುತ್ ಯಂತ್ರ ಅದಕ್ಕೆ ಕೂರಿಸುತ್ತಾರಂತೆ.

ಆರಾಮ ತರಬೇಕಿದ್ದ ಯಂತ್ರವೇ ಆರಾಮ ಕೇಳದಿರಲು ಕಾರಣವಾಗುತ್ತದೆ. ಕಟ್ಟಡ ಮುಗಿಯುವುದರಿಂದ ಹಂದಿಗಳಿಗೆ ಏನೂ ಲಾಭವಿಲ್ಲ, ಮುಗಿಯದೆ ಇದ್ದರೆ ಲಾಭ ಇದೆ.

ಭಾನುವಾರದ ‘ಸ್ವಯಂಪ್ರೇರಿತ’ ಕೆಲಸ ಸುಮ್ನೆ ತಮಾಷೆಗೆ ಸೇರಿಸಿದ್ದಾ?

ಆ ವಾಕ್ಯ ಓದಿ ನಗು ಬರುತ್ತದೆ: ಭಾನುವಾರ ಮಧ್ಯಾಹ್ನದ ಕೆಲಸ ಪೂರ್ತಿ ನಿಮ್ಮ ಇಷ್ಟ, ಆದರೆ ಬಾರದವರ ಪಡಿ ಅರ್ಧಕ್ಕೆ ಇಳಿಯುತ್ತದೆ. ಹಿನ್ನೆಲೆ ಮಾತ್ರ ತಮಾಷೆಯದ್ದಲ್ಲ. ರಷ್ಯಾದಲ್ಲಿ ‘ಸುಬ್ಬೋತ್ನಿಕ್’ ಎಂಬ ಪದ್ಧತಿ ಇತ್ತು. 1919ರ ಏಪ್ರಿಲ್‌ನಲ್ಲಿ ಮಾಸ್ಕೋದ ರೈಲ್ವೆ ಕಾರ್ಮಿಕರ ಒಂದು ಸಣ್ಣ ಗುಂಪು ಸಂಬಳವಿಲ್ಲದೆ ಶನಿವಾರ ರಾತ್ರಿ ಎಂಜಿನ್ ರಿಪೇರಿ ಮಾಡಿತು. ಲೆನಿನ್ ಅದನ್ನು ಹೊಗಳಿ ಬರೆದರು. ಮರುವರ್ಷ ಮೇ 1ಕ್ಕೆ ದೇಶವಿಡೀ ಹಾಗೆ ದುಡಿಯಲು ಕರೆ ಬಂತು. ಮನಸ್ಸಿನಿಂದ ಹುಟ್ಟಿದ್ದು ಹೋಗ್ತಾ ಹೋಗ್ತಾ ಹಾಜರಿ ಪುಸ್ತಕವಾಯಿತು.

1940ರ ಜೂನ್ 26ರ ಸೋವಿಯತ್ ಆದೇಶ ಇನ್ನೂ ನೇರ. ದಿನದ ಕೆಲಸ ಏಳು ಗಂಟೆಯಿಂದ ಎಂಟಕ್ಕೆ ಏರಿತು. ಅನುಮತಿ ಇಲ್ಲದೆ ಕೆಲಸ ಬಿಟ್ಟರೆ ಜೈಲು. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ತಡವಾಗಿ ಬಂದರೆ ಗೈರುಹಾಜರಿ, ಅದಕ್ಕೂ ಶಿಕ್ಷೆ. ಆರ್ವೆಲ್ ಕಾದಂಬರಿ ಬರೆದದ್ದು 1943ರ ಕೊನೆಯಿಂದ 1944ರ ಆರಂಭದವರೆಗೆ.

ಕೋಳಿಗಳ ಪ್ರತಿಭಟನೆ ಸೋತದ್ದು ಯಾಕೆ?

ವಾರಕ್ಕೆ 400 ಮೊಟ್ಟೆ ಮಾರುವ ಒಪ್ಪಂದವನ್ನು ನೆಪೋಲಿಯನ್ ಮಾಡಿಕೊಳ್ಳುತ್ತಾನೆ. ಕೋಳಿಗಳು ಆಗಷ್ಟೇ ಕಾವಿಗೆ ಕೂರಲು ಮೊಟ್ಟೆ ಹೊಂದಿಸಿಕೊಳ್ಳುತ್ತಿದ್ದವು. ಅವು ಸೂರಿನ ಜಂತಿಗೆ ಹಾರಿ ಅಲ್ಲಿಂದಲೇ ಮೊಟ್ಟೆ ಇಡುತ್ತವೆ. ನೆಲಕ್ಕೆ ಬಿದ್ದು ಒಡೆದುಹೋಗುತ್ತವೆ. ನೆಪೋಲಿಯನ್ ಅವುಗಳ ಪಡಿ ನಿಲ್ಲಿಸುತ್ತಾನೆ. ಒಂದು ಕಾಳು ಕೊಟ್ಟವರಿಗೂ ಸಾವು ಎನ್ನುತ್ತಾನೆ. ಐದು ದಿನ ತಡೆಯುತ್ತವೆ. ಒಂಬತ್ತು ಕೋಳಿ ಸಾಯುತ್ತವೆ. ರೋಗ ಬಂದು ಸತ್ತವು ಎಂದು ಸುದ್ದಿ ಹಬ್ಬಿಸುತ್ತಾರೆ.

ಜೋನ್ಸ್ ಹೋದ ಮೇಲೆ ದಂಗೆಯ ಹತ್ತಿರಕ್ಕೆ ಬಂದದ್ದು ಇದೊಂದೇ. ಇದರ ಹಿಂದೆ ಇರುವುದು ಸೋವಿಯತ್ ಒಕ್ಕೂಟದ ಒತ್ತಾಯದ ಸಾಮೂಹಿಕ ಬೇಸಾಯದ ಕಾಲ. ರೈತರು ತಮ್ಮ ದನ, ಕುದುರೆಗಳನ್ನು ಸರ್ಕಾರಕ್ಕೆ ಒಪ್ಪಿಸುವ ಬದಲು ಕೊಂದರು. ದೇಶದ ಕುದುರೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. 1932–33ರ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು.

ಸೋಲಿಗೆ ಕಾರಣ ಸರಳ. ಉಳಿದ ಪ್ರಾಣಿಗಳು ಸುಮ್ಮನಿದ್ದವು. ಕುದುರೆಗಳಾಗಲಿ ಹಸುಗಳಾಗಲಿ ಒಂದೇ ಒಂದು ದಿನ ಕೆಲಸ ನಿಲ್ಲಿಸಲಿಲ್ಲ. ಆ ಐದು ದಿನವೂ ಬಾಕ್ಸರ್ ಕಲ್ಲು ಎಳೆಯುತ್ತಲೇ ಇದ್ದನೇನೋ. ಆರ್ವೆಲ್ ಹಾಗೆಂದು ಹೇಳಿಲ್ಲ, ಆದರೆ ಅವನು ಬೇರೇನು ಮಾಡಿಯಾನು?

ಬೆಂಜಮಿನ್, ಮೋಲಿ, ಬೆಕ್ಕು – ಇವರೆಲ್ಲ ಸೋಮಾರಿಗಳಾ?

ಬೆಕ್ಕು ಮಾತ್ರ ಹೌದು. ಕೆಲಸದ ಹೊತ್ತಿಗೆ ಮಾಯ, ಊಟದ ಹೊತ್ತಿಗೆ ಹಾಜರ್. ಅದರ ನೆಪಗಳು ಎಷ್ಟು ಸೊಗಸು ಅಂದರೆ ಯಾರಿಗೂ ಕೋಪ ಬರುವುದಿಲ್ಲ.

ಮೋಲಿ ರಿಬ್ಬನ್ ಮತ್ತು ಸಕ್ಕರೆಯ ಆಸೆಯ ಕುದುರೆ. ತಡವಾಗಿ ಏಳುತ್ತಾಳೆ, ಗೊರಸಲ್ಲಿ ಕಲ್ಲು ಸಿಕ್ಕಿದೆ ಎಂದು ಬೇಗ ಹೊರಡುತ್ತಾಳೆ. ಕೊನೆಗೆ ಮನುಷ್ಯನೊಬ್ಬನ ಗಾಡಿ ಎಳೆಯಲು ಓಡಿಹೋಗುತ್ತಾಳೆ. ಕ್ರಾಂತಿಯ ನಂತರ ದೇಶ ಬಿಟ್ಟ ಶ್ರೀಮಂತರನ್ನು ಅವಳಲ್ಲಿ ನೋಡುತ್ತಾರೆ. ಒಂದು ಮಾತು ಹೇಳಿಬಿಡುತ್ತೇನೆ: ಕೊನೆಯಲ್ಲಿ ಬಾಕ್ಸರ್‌ಗಿಂತ ಅವಳೇ ಸುಖವಾಗಿದ್ದಾಳೆ. ಇದನ್ನು ಒಪ್ಪಲು ನಮಗೆ ಕಷ್ಟವಾಗುತ್ತದೆ.

ಕತ್ತೆ ಬೆಂಜಮಿನ್ ಬೇರೆ ಜಾತಿ. ಜೋನ್ಸ್ ಕಾಲದಲ್ಲೂ ನೆಪೋಲಿಯನ್ ಕಾಲದಲ್ಲೂ ಅವನ ಕೆಲಸದ ರೀತಿ ಒಂದೇ. ನಿಧಾನ, ಹಟಮಾರಿ. ತಪ್ಪಿಸಿಕೊಳ್ಳುವುದೂ ಇಲ್ಲ, ತಾನಾಗಿ ಹೆಚ್ಚು ಮಾಡುವುದೂ ಇಲ್ಲ. ಓದಲು ಹಂದಿಗಳಷ್ಟೇ ಚೆನ್ನಾಗಿ ಬರುತ್ತದೆ, ಓದುವುದಿಲ್ಲ. ದುಡಿಮೆಯ ಮಟ್ಟಿಗೆ ಅವನದು ಜಾಣತನ. ಆದರೆ ಎಣಿಸಬಲ್ಲವನು, ಗೋಡೆಯ ಮೇಲಿನ ಕಟ್ಟಳೆಗಳನ್ನು ಹಂದಿಗಳು ತಿದ್ದಿದ್ದನ್ನು ಓದಬಲ್ಲವನು ಬಾಯಿ ಬಿಡದೆ ಇದ್ದದ್ದಕ್ಕೂ ಒಂದು ಬೆಲೆ ಇದೆ. ಅವನು ಜೋರಾಗಿ ಓದಿದ್ದು ಬಾಕ್ಸರ್‌ನನ್ನು ಹೊತ್ತೊಯ್ಯುವ ಗಾಡಿಯ ಮೇಲಿನ ಬರಹವನ್ನು. ಓದಿ ಮುಗಿಸುವಷ್ಟರಲ್ಲಿ ಗಾಡಿ ಹೊರಟಿತು.

ನಿವೃತ್ತಿಯ ಭರವಸೆ ಏನಾಯಿತು?

ಶುರುವಿನಲ್ಲಿ ಪಕ್ಕಾ ನಿಯಮವೇ ಇತ್ತು. ಕುದುರೆ ಮತ್ತು ಹಂದಿಗಳಿಗೆ 12 ವರ್ಷ, ಹಸುಗಳಿಗೆ 14, ನಾಯಿಗಳಿಗೆ 9, ಕುರಿಗಳಿಗೆ 7, ಕೋಳಿ ಮತ್ತು ಹೆಬ್ಬಾತುಗಳಿಗೆ 5. ಪಿಂಚಣಿ ಕೂಡ. ಕುದುರೆಗೆ ದಿನಕ್ಕೆ ಐದು ಪೌಂಡ್ ಕಾಳು, ಚಳಿಗಾಲದಲ್ಲಿ ಹದಿನೈದು ಪೌಂಡ್ ಒಣಹುಲ್ಲು, ಹಬ್ಬದ ದಿನ ಒಂದು ಕ್ಯಾರೆಟ್ ಅಥವಾ ಸೇಬು. ಮುದಿ ಪ್ರಾಣಿಗಳಿಗೆ ಹಣ್ಣಿನ ತೋಟದ ಆಚೆಯ ಹುಲ್ಲುಗಾವಲು ಎಂದು ಗೊತ್ತುಮಾಡಿದ್ದರು. ಆಮೇಲೆ ಅಲ್ಲಿ ಬಾರ್ಲಿ ಬಿತ್ತುತ್ತಾರೆ. ಬಾರ್ಲಿಯಿಂದ ಬಿಯರ್, ಬಿಯರ್ ಹಂದಿಗಳಿಗೆ. ಕೊನೆಯವರೆಗೂ ಒಂದೇ ಒಂದು ಪ್ರಾಣಿ ನಿವೃತ್ತಿಯಾಗುವುದಿಲ್ಲ.

ಬಾಕ್ಸರ್ ಕುಸಿದು ಬಿದ್ದಾಗ ಅವನ ನಿವೃತ್ತಿಗೆ ಒಂದೇ ತಿಂಗಳು ಬಾಕಿ. ಉಳಿದ ಆಯಸ್ಸಿನಲ್ಲಿ ಮಿಕ್ಕ ಇಪ್ಪತ್ತೆರಡು ಅಕ್ಷರ ಕಲಿಯಬೇಕು ಎಂದುಕೊಂಡಿದ್ದ. ಆಸ್ಪತ್ರೆಗೆ ಎಂದು ಹೇಳಿ ಕರೆದೊಯ್ದ ಗಾಡಿಯ ಮೇಲೆ ಕುದುರೆ ಕಸಾಯಿಯ ಹೆಸರಿತ್ತು. ಅಂಟು ಕುದಿಸುತ್ತೇವೆ, ನಾಯಿಗೂಡುಗಳಿಗೆ ಮಾಂಸ ಕೊಡುತ್ತೇವೆ ಎಂದೂ ಬರೆದಿತ್ತು. ಈಗ ಮೊದಲ ಅಧ್ಯಾಯಕ್ಕೆ ಹೋಗಿ. ಬಾಕ್ಸರ್, ನಿನ್ನ ರಟ್ಟೆಯ ಬಲ ಮುಗಿದ ದಿನ ಜೋನ್ಸ್ ನಿನ್ನನ್ನು ಕಸಾಯಿಗೆ ಮಾರುತ್ತಾನೆ, ನಿನ್ನನ್ನು ಬೇಯಿಸಿ ಬೇಟೆನಾಯಿಗಳಿಗೆ ಹಾಕುತ್ತಾರೆ ಎಂದು ಮೇಜರ್ ಹೇಳಿದ್ದ. ಮಾತು ಅಕ್ಷರಶಃ ನಿಜವಾಯಿತು. ಮಾರಿದವರು ಬದಲಾಗಿದ್ದರು, ಅಷ್ಟೇ. ಆ ಹಣದಲ್ಲಿ ಹಂದಿಗಳು ವಿಸ್ಕಿ ತರಿಸಿದವು.

ಹಾಗಾದರೆ ಜೋನ್ಸ್ ಕಾಲವೇ ವಾಸಿ ಅಂತ ಅರ್ಥವಾ?

ಇಲ್ಲ. ಕೊನೆಯ ಅಧ್ಯಾಯದಲ್ಲಿ ಪಕ್ಕದ ತೋಟದ ಪಿಲ್ಕಿಂಗ್‌ಟನ್ ಊಟಕ್ಕೆ ಬಂದು ಹಂದಿಗಳನ್ನು ಹೊಗಳುತ್ತಾನೆ. ಈ ಸೀಮೆಯಲ್ಲೇ ಇಲ್ಲಿನ ಕೆಳವರ್ಗದ ಪ್ರಾಣಿಗಳು ಅತಿ ಹೆಚ್ಚು ದುಡಿದು ಅತಿ ಕಡಿಮೆ ತಿನ್ನುತ್ತವೆ, ನಾವೂ ನಮ್ಮ ತೋಟಗಳಲ್ಲಿ ಇದನ್ನು ಅಳವಡಿಸಿಕೊಳ್ಳಬೇಕು ಎನ್ನುತ್ತಾನೆ. ನಿಮಗೆ ಕೆಳಗಿನ ಪ್ರಾಣಿಗಳು, ನಮಗೆ ಕೆಳಗಿನ ವರ್ಗದವರು ಎಂದು ನಗುತ್ತಾನೆ. ಮಾಲೀಕರು ಮಾಲೀಕರನ್ನು ಎಷ್ಟು ಬೇಗ ಗುರುತು ಹಿಡಿಯುತ್ತಾರೆ ನೋಡಿ. ಎರಡೂ ಕಡೆಯವರ ಮೇಲೆ ಆರ್ವೆಲ್‌ಗೆ ಒಂದೇ ಸಿಟ್ಟು. 1936ರಿಂದ ತಾನು ಗಂಭೀರವಾಗಿ ಬರೆದದ್ದೆಲ್ಲ ಸರ್ವಾಧಿಕಾರದ ವಿರುದ್ಧ ಮತ್ತು ಪ್ರಜಾಸತ್ತಾತ್ಮಕ ಸಮಾಜವಾದದ ಪರ ಎಂದು ಅವರು 1946ರಲ್ಲಿ ಬರೆದುಕೊಂಡಿದ್ದಾರೆ. ಕೂಲಿಕಾರರು ಕ್ರಾಂತಿ ಮಾಡಬಾರದು ಎಂಬ ನೀತಿಯನ್ನು ಈ ಪುಸ್ತಕದಿಂದ ಹಿಂಡುವವರು ಪಿಲ್ಕಿಂಗ್‌ಟನ್ ಪಕ್ಕ ಕೂತು ಓದುತ್ತಿದ್ದಾರೆ.

ಈ ವಿಷಯದ ಬಗ್ಗೆ ಬರೆಯಬೇಕು. ಮತ್ತೆ ಯಾವ ಭಾಗ ಓದಲಿ?

ಸಮಯ ಕಡಿಮೆ ಇದ್ದರೆ 3, 6 ಮತ್ತು 9ನೇ ಅಧ್ಯಾಯ. ಮೂರರಲ್ಲಿ ತಮಗಾಗಿ ದುಡಿಯುವ ಸಂತೋಷ ಇದೆ, ಆರರಲ್ಲಿ ಗಾಳಿಯಂತ್ರ, ಒಂಬತ್ತರಲ್ಲಿ ಬಾಕ್ಸರ್‌ನ ಕೊನೆ. ಓದುವಾಗ ಪೆನ್ಸಿಲ್ ಹಿಡಿದು ಎರಡನ್ನು ಗುರುತು ಮಾಡಿಕೊಳ್ಳಿ: ಯಾರು ಎಷ್ಟು ಹೊತ್ತು ದುಡಿದರು, ಅದನ್ನು ಯಾರು ಲೆಕ್ಕ ಹಾಕಿದರು. ಚಾವಟಿ ಬರುವ ಜಾಗಗಳನ್ನೂ ಗುರುತಿಸಿ. ಎರಡನೇ ಅಧ್ಯಾಯದಲ್ಲಿ ಪ್ರಾಣಿಗಳು ಕುಣಿಯುತ್ತಾ ಚಾವಟಿಗಳನ್ನು ಸುಡುತ್ತವೆ. ಹತ್ತನೆಯದರಲ್ಲಿ ಮೇಲ್ವಿಚಾರಣೆಗೆ ಬಂದ ಹಂದಿಗಳ ಕಾಲಲ್ಲಿ ಚಾವಟಿ ಇರುತ್ತದೆ, ಅದನ್ನು ನೋಡಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಈ ಎರಡು ಜಾಗಗಳ ನಡುವೆ ಏನೇನಾಯಿತು ಎಂದು ನಿಮ್ಮದೇ ಮಾತಲ್ಲಿ ಬರೆದರೆ ಉತ್ತರದ ಅರ್ಧ ಭಾಗ ಸಿದ್ಧವಾದ ಹಾಗೆ.